ಮಾತ್ರೆ, ಮೆದುಳು ಮತ್ತು ಮರೆವು

ಕಳೆದ ಕೊಯ್ಲಿನ ಕಾಲದಲ್ಲಿ ಸಂಘದ ಗೋದಾಮಿನ ಮುಂದೆ ಚೆರ್ರಿ ತೂಕಕ್ಕೆ ಕಾದು ಕುಳಿತಿದ್ದಾಗ ಹಿರಿಯ ಸದಸ್ಯರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವರು ಕಳಸದ ಕಡೆಯವರು. ಮೂರು ಎಕರೆ ಕಾಫಿ, ಕೆಳಗಿನ ಹಳ್ಳದಲ್ಲಿ ಒಂದಿಷ್ಟು ಅಡಿಕೆ. ಐದು ವರ್ಷಗಳ ಹಿಂದೆ ಎದೆನೋವು ಕಾಣಿಸಿಕೊಂಡು ಆಸ್ಪತ್ರೆ ಸೇರಿ ಬಂದವರು. ಅಂದಿನಿಂದ ದಿನವೂ ರಾತ್ರಿ ಊಟವಾದ ಮೇಲೆ ಕೊಲೆಸ್ಟರಾಲ್ ಇಳಿಸುವ ಮಾತ್ರೆಯೊಂದನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರು.

“ಅಲ್ಲ ಮಾರಾಯ್ರೇ, ಈ ಮಾತ್ರೆ ತಿಂದರೆ ಮರೆವು ಬರುತ್ತದಂತೆ, ಹೌದಾ? ನೆಂಟರೊಬ್ಬರು ಹೇಳಿದರು. ನಾನು ಹದಿನೈದು ದಿನದಿಂದ ಬಿಟ್ಟೇಬಿಟ್ಟಿದ್ದೇನೆ” ಎಂದರು ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ನಮ್ಮ ಅಮ್ಮನಿಗೆ ಕೊನೆಗಾಲದಲ್ಲಿ ನನ್ನ ಗುರುತೇ ಸಿಗುತ್ತಿರಲಿಲ್ಲ. ‘ನೀವು ಯಾವ ಊರಿನವರು?’ ಅಂತ ನನ್ನನ್ನೇ ಕೇಳುತ್ತಿದ್ದರು. ಎದೆನೋವು ಬಂದು ಹೋದರೆ ಹೋಗಲಿ, ಆ ಗತಿ ಮಾತ್ರ ಬೇಡ.”

ಈ ಭಯ ಅವರೊಬ್ಬರದಲ್ಲ. ವಿಚಾರಿಸಿದಾಗ, ಇದೇ ಮಾತು ಕೇಳಿ ಮಾತ್ರೆಯನ್ನು ದಿನಬಿಟ್ಟು ದಿನ ತೆಗೆದುಕೊಳ್ಳುವವರು, ಅರ್ಧ ಮಾಡಿ ನುಂಗುವವರು ನಮ್ಮ ಸದಸ್ಯರಲ್ಲೇ ಇನ್ನೂ ಕೆಲವರಿದ್ದಾರೆಂದು ತಿಳಿಯಿತು. ಈ ಲೇಖಕ ವೈದ್ಯನಲ್ಲ. ಆದರೆ ವೈದ್ಯರನ್ನು ಕೇಳಿ, ಸಿಕ್ಕಿದ್ದನ್ನು ಓದಿ, ತಿಳಿದುಕೊಂಡದ್ದನ್ನು ಸದಸ್ಯ ಬಾಂಧವರ ಮುಂದಿಡುವುದು ಕರ್ತವ್ಯವೆಂದು ತೋರಿತು. ಉತ್ತರ ಹುಡುಕುತ್ತ ಹೋದಾಗ ಜಪಾನಿನ ಒಬ್ಬ ರೈತನ ಮಗನ ಕಥೆಯೂ, ನಮ್ಮ ಮೈಸೂರು ಬೆಂಗಳೂರುಗಳಲ್ಲೇ ಕೆಲಸ ಮಾಡಿದ ಒಬ್ಬ ಮೆದುಳು ವಿಜ್ಞಾನಿಯ ಜೀವಮಾನದ ದುಡಿಮೆಯೂ ಎದುರಾದವು. ಎರಡೂ ನಾವು ತಿಳಿದಿರಬೇಕಾದವು.

ಕೊಲೆಸ್ಟರಾಲ್ ಶತ್ರುವಲ್ಲ

ಕೊಲೆಸ್ಟರಾಲ್ ಎಂದೊಡನೆ ವಿಷವೆಂಬಂತೆ ಮಾತಾಡುವುದು ರೂಢಿಯಾಗಿದೆ. ಅದು ಸರಿಯಲ್ಲ. ಮೇಣದಂಥ ಈ ಜಿಡ್ಡು ಪದಾರ್ಥವಿಲ್ಲದೆ ದೇಹದ ಒಂದು ಜೀವಕೋಶವೂ ನಿಲ್ಲಲಾರದು. ಪ್ರತಿ ಕೋಶದ ಹೊರಪೊರೆಗೆ ಅದು ಬೇಕು, ಪಿತ್ತರಸಕ್ಕೆ ಬೇಕು, ಹಲವು ಹಾರ್ಮೋನುಗಳಿಗೆ ಬೇಕು. ನಾವು ತಿನ್ನುವ ತುಪ್ಪ, ಮಾಂಸ, ಮೊಟ್ಟೆಗಳಿಂದ ಬರುವುದಕ್ಕಿಂತ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಅದರಲ್ಲಿ ಯಕೃತ್ತಿನ ಪಾತ್ರ ದೊಡ್ಡದು.

ತೊಂದರೆ ಬರುವುದು ಸಾಗಣೆಯಲ್ಲಿ. ಜಿಡ್ಡು ನೀರಿನಲ್ಲಿ ಬೆರೆಯದು. ರಕ್ತವಾದರೋ ಬಹುಪಾಲು ನೀರೇ. ಆದ್ದರಿಂದ ಕೊಲೆಸ್ಟರಾಲ್ ಸಣ್ಣ ಸಣ್ಣ ಮೂಟೆಗಳಾಗಿ ರಕ್ತದಲ್ಲಿ ಸಾಗುತ್ತದೆ. ಈ ಮೂಟೆಗಳಲ್ಲಿ ಒಂದು ಬಗೆಗೆ ಎಲ್‌ಡಿಎಲ್ ಎಂದು ಹೆಸರು. ಯಕೃತ್ತಿನ ಕೋಶಗಳ ಮೇಲೆ ಈ ಮೂಟೆಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಕೊಕ್ಕೆಗಳಿವೆ. ಇವುಗಳ ಕೆಲಸವನ್ನು ತೋರಿಸಿಕೊಟ್ಟ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ವೈದ್ಯರಿಬ್ಬರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಕೊಕ್ಕೆಗಳು ಕಡಿಮೆಯಾದರೆ, ಇಲ್ಲವೇ ಮೂಟೆಗಳು ಮಿತಿಮೀರಿದರೆ, ಮಾಲು ರಕ್ತನಾಳದಲ್ಲೇ ಉಳಿಯುತ್ತದೆ. ವರ್ಷಾನುಗಟ್ಟಲೆ ನಾಳದ ಒಳಗೋಡೆಯಲ್ಲಿ ಸೇರಿಕೊಂಡು ಗಟ್ಟಿಯಾಗುತ್ತದೆ. ಹೂಳು ತೆಗೆಯದ ಕಾದಿಗೆಯಲ್ಲಿ ಆಗುವುದೂ ಇದೇ ಅಲ್ಲವೇ? ನಾಳ ಕಟ್ಟಿದ್ದು ಎದೆಯಲ್ಲಾದರೆ ಹೃದಯಾಘಾತ, ಮೆದುಳಿನಲ್ಲಾದರೆ ಲಕ್ವ.

ಬೂಷ್ಟಿನಿಂದ ಬಂದ ಮಾತ್ರೆ

ಬೂಷ್ಟು ಎಂದರೆ ಬೆಳೆಗಾರನಿಗೆ ಆಗದು. ಕಣದಲ್ಲಿ ಒದ್ದೆಯಾದ ಚೆರ್ರಿಗೆ ಬೂಷ್ಟು ಹಿಡಿದರೆ ಔಟ್‌ಟರ್ನ್ ಹೋಯಿತು, ದರವೂ ಹೋಯಿತು. ಆದರೆ ಕೋಟ್ಯಂತರ ಜನರ ಹೃದಯ ಕಾಯುತ್ತಿರುವ ಈ ಮಾತ್ರೆ ಹುಟ್ಟಿದ್ದು ಬೂಷ್ಟಿನಿಂದಲೇ.

ಅಕಿರಾ ಎಂಡೋ 1933ರಲ್ಲಿ ಉತ್ತರ ಜಪಾನಿನ ಅಕಿಟಾ ಪ್ರಾಂತದ ಒಂದು ರೈತ ಕುಟುಂಬದಲ್ಲಿ ಹುಟ್ಟಿದವರು. ಚಿಕ್ಕಂದಿನಿಂದಲೂ ಅಣಬೆ, ಬೂಷ್ಟುಗಳ ಮೇಲೆ ಅವರಿಗೆ ಕುತೂಹಲ. ಔಷಧ ಕಂಪನಿಗೆ ಸೇರಿದ ಮೇಲೆ ಅವರು ಸಾಧಿಸಿದ ಮೊದಲ ಕೆಲಸ ನಮಗೆ ಚೆನ್ನಾಗಿ ಅರ್ಥವಾಗುವಂಥದು. ಹಣ್ಣಿನ ರಸದಲ್ಲಿನ ಪೆಕ್ಟಿನ್ ಲೋಳೆಯನ್ನು ಕರಗಿಸುವ ಕಿಣ್ವವೊಂದನ್ನು ಅವರು ಶಿಲೀಂಧ್ರದಿಂದ ತೆಗೆದರು. ಪಲ್ಪರಿನಿಂದ ಇಳಿದ ಕಾಫಿ ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಟ್ಟಾಗ ಲೋಳೆ ಬಿಟ್ಟುಕೊಳ್ಳುವುದೂ ಇಂಥ ಕಿಣ್ವಗಳಿಂದಲೇ.

ಅಮೆರಿಕದಲ್ಲಿ ಎರಡು ವರ್ಷ ಇದ್ದಾಗ ಅಲ್ಲಿನ ಜನರ ಹೃದ್ರೋಗವನ್ನು ಕಂಡ ಎಂಡೋ, ಊರಿಗೆ ಮರಳಿ 1971ರಲ್ಲಿ ಹುಡುಕಾಟ ಆರಂಭಿಸಿದರು. ಶಿಲೀಂಧ್ರಗಳು ತಮ್ಮ ವೈರಿ ಸೂಕ್ಷ್ಮಜೀವಿಗಳನ್ನು ತಡೆಯಲು, ಅವು ಕೊಲೆಸ್ಟರಾಲಿನಂಥ ಜಿಡ್ಡು ತಯಾರಿಸಿಕೊಳ್ಳದಂತೆ ಮಾಡುವ ವಸ್ತುವನ್ನು ಸ್ರವಿಸುತ್ತಿರಬಹುದು ಎಂಬುದು ಅವರ ಊಹೆ. ಎರಡು ವರ್ಷಗಳಲ್ಲಿ ಸುಮಾರು 6000 ತಳಿಗಳನ್ನು ಪರೀಕ್ಷಿಸಿದರು. 1973ರಲ್ಲಿ, ಕ್ಯೋಟೋ ನಗರದಿಂದ ಬಂದ ಅಕ್ಕಿಯ ಮೇಲೆ ಬೆಳೆದಿದ್ದ ನೀಲಿ ಹಸಿರು ಬೂಷ್ಟಿನಲ್ಲಿ ಬೇಕಾದದ್ದು ಸಿಕ್ಕಿತು. ಸಾವಿರಾರು ಗಿಡಗಳಲ್ಲಿ ತುಕ್ಕು ರೋಗ ತಡೆಯುವ ಒಂದು ಗಿಡವನ್ನು ಆರಿಸುವ ಬಾಳೆಹೊನ್ನೂರಿನ ಕೆಲಸವನ್ನು ಬಲ್ಲ ನಮಗೆ ಈ ತಾಳ್ಮೆ ಎಂಥದೆಂದು ವಿವರಿಸಬೇಕಾಗಿಲ್ಲ.

ಸಿಕ್ಕ ವಸ್ತು ಇಲಿಗಳ ಮೇಲೆ ಕೆಲಸ ಮಾಡಲಿಲ್ಲ. ಕಂಪನಿ ಕೈಬಿಡುವುದರಲ್ಲಿತ್ತು. ಮೊಟ್ಟೆಯಲ್ಲಿ ಕೊಲೆಸ್ಟರಾಲ್ ಹೆಚ್ಚಿರುವುದರಿಂದ ಮೊಟ್ಟೆಯಿಡುವ ಕೋಳಿಯ ರಕ್ತದಲ್ಲೂ ಇದ್ದೀತೆಂದು ಕೋಳಿಗಳಿಗೆ ಕೊಟ್ಟು ನೋಡಿದರು, ಇಳಿಯಿತು. ಇದೇ ಬಗೆಯ, ಬೇರೊಂದು ಬೂಷ್ಟಿನಿಂದ ತೆಗೆದ ಲೊವಾಸ್ಟ್ಯಾಟಿನ್ ಎಂಬ ಔಷಧಿಗೆ 1987ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಮಾತ್ರೆಗಳು ಅದೇ ವಂಶದವು. ಎಂಡೋ 2024ರ ಜೂನ್‌ನಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಸ್ಟ್ಯಾಟಿನ್ ಮಾತ್ರೆ ಮಾಡುವುದಿಷ್ಟೆ: ಯಕೃತ್ತು ಕೊಲೆಸ್ಟರಾಲ್ ತಯಾರಿಸುವ ದಾರಿಯಲ್ಲಿ ಒಂದು ಬಾಗಿಲನ್ನು ಅರೆಮುಚ್ಚುತ್ತದೆ. ಮನೆಯಲ್ಲಿ ಉತ್ಪತ್ತಿ ಕಡಿಮೆಯಾದ್ದರಿಂದ ಯಕೃತ್ತು ತನ್ನ ಕೊಕ್ಕೆಗಳನ್ನು ಹೆಚ್ಚಿಸಿಕೊಂಡು ರಕ್ತದಲ್ಲಿರುವ ಮೂಟೆಗಳನ್ನು ಎಳೆದುಕೊಳ್ಳುತ್ತದೆ. ರಕ್ತ ತಿಳಿಯಾಗುತ್ತದೆ. 1994ರಲ್ಲಿ ಪ್ರಕಟವಾದ, 4444 ಹೃದ್ರೋಗಿಗಳ ಮೇಲೆ ಉತ್ತರ ಯೂರೋಪಿನ ದೇಶಗಳಲ್ಲಿ ನಡೆದ ಪ್ರಯೋಗದಲ್ಲಿ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಶೇಕಡ 30ರಷ್ಟು ಕಡಿಮೆಯಾಯಿತು.

ಮೆದುಳಿಗೂ ಇದಕ್ಕೂ ಏನು ಸಂಬಂಧ?

ಮೆದುಳಿನ ತೂಕ ದೇಹದ ತೂಕದ ಶೇಕಡ 2 ಮಾತ್ರ. ಆದರೆ ದೇಹದಲ್ಲಿರುವ ಒಟ್ಟು ಕೊಲೆಸ್ಟರಾಲಿನ ಸುಮಾರು ಐದನೆಯ ಒಂದು ಭಾಗ ಅಲ್ಲೇ ಇದೆ. ಕರೆಂಟಿನ ತಂತಿಗೆ ರಬ್ಬರು ಇದ್ದಂತೆ ನರತಂತುಗಳ ಮೇಲಿರುವ ಹೊದಿಕೆಗೂ ಇದು ಬೇಕೇ ಬೇಕು. ‘ಮಾತ್ರೆ ಮೆದುಳಿನ ಜಿಡ್ಡನ್ನೇ ಕರಗಿಸುತ್ತದೆ’ ಎಂಬ ಭಯಕ್ಕೆ ಮೂಲ ಇಲ್ಲಿದೆ.

ಆದರೆ ಇನ್ನೊಂದು ಸಂಗತಿಯನ್ನು ಮರೆಯಬಾರದು. ಮೆದುಳು ತನಗೆ ಬೇಕಾದ ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತಕ್ಕೂ ಮೆದುಳಿಗೂ ನಡುವೆ ಬಿಗಿಯಾದ ಬೇಲಿಯಿದೆ. ರಕ್ತದಲ್ಲಿನ ಎಲ್‌ಡಿಎಲ್ ಮೂಟೆಗಳು ಆ ಬೇಲಿ ದಾಟಿ ಹೋಗಲಾರವು. ಹೀಗಾಗಿ ರಕ್ತದ ಕೊಲೆಸ್ಟರಾಲ್ ಇಳಿದ ಮಾತ್ರಕ್ಕೆ ಮೆದುಳಿನದೂ ಬರಿದಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಕೆಲವು ಸ್ಟ್ಯಾಟಿನ್‌ಗಳು ಸ್ವಲ್ಪ ಮಟ್ಟಿಗೆ ಬೇಲಿ ದಾಟುತ್ತವೆ, ಕೆಲವು ಅಷ್ಟಾಗಿ ದಾಟುವುದಿಲ್ಲ.

ಇತ್ತ, ಮರೆಗುಳಿ ರೋಗಕ್ಕೂ ಕೊಲೆಸ್ಟರಾಲಿಗೂ ನಂಟಿದೆಯೆಂಬುದು 1993ರಲ್ಲಿ ಗಟ್ಟಿಯಾಯಿತು. ಮುಪ್ಪಿನಲ್ಲಿ ಬರುವ ಅಲ್‌ಝೈಮರ್ ಕಾಯಿಲೆಯ ಸಂಭವವನ್ನು ಹೆಚ್ಚಿಸುವ ಒಂದು ವಂಶವಾಹಿಯನ್ನು ಆಗ ಗುರುತಿಸಲಾಯಿತು. ಅದು ದೇಹದಲ್ಲಿ ಕೊಲೆಸ್ಟರಾಲ್ ಸಾಗಿಸುವ ಪ್ರೋಟೀನಿಗೆ ಸಂಬಂಧಿಸಿದ್ದು. ಅಲ್ಲಿಂದ ಮುಂದೆ ಜಗತ್ತಿನ ಮೆದುಳು ವಿಜ್ಞಾನಿಗಳು ಈ ಜಿಡ್ಡಿನ ಹಿಂದೆ ಬಿದ್ದರು.

ಮೈಸೂರಿನಿಂದ ಹೊರಟ ಒಬ್ಬ ವಿಜ್ಞಾನಿ

ನಮ್ಮ ರಾಜ್ಯದಲ್ಲಿ ಈ ದಾರಿಯಲ್ಲಿ ದೊಡ್ಡ ಕೆಲಸ ಮಾಡಿದವರು ಡಾ. ವಿಜಯಲಕ್ಷ್ಮಿ ರವೀಂದ್ರನಾಥ್. ಸ್ಟ್ಯಾಟಿನ್ ಮಾತ್ರೆಯೇ ಅವರ ಸಂಶೋಧನೆಯ ವಿಷಯವಲ್ಲವೆಂದು ಮೊದಲೇ ಹೇಳಬೇಕು. ಆದರೆ ಯಕೃತ್ತಿನ ಕೊಕ್ಕೆಗಳಿಗೂ ಮೆದುಳಿನ ಆರೋಗ್ಯಕ್ಕೂ ಇರುವ ನಂಟನ್ನು ತೋರಿಸಿದವರಲ್ಲಿ ಅವರೂ ಒಬ್ಬರು.

ಆಂಧ್ರ ವಿಶ್ವವಿದ್ಯಾಲಯದಲ್ಲಿ ಓದಿದ ಅವರು 1981ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಜೀವರಸಾಯನ ಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಅಂದು ಅವರು ಎತ್ತಿಕೊಂಡದ್ದು ಅಡಿಗೆಮನೆಯ ಪದಾರ್ಥವನ್ನೇ. ಅರಿಶಿನದ ಹಳದಿ ಸಾರವಾದ ಕರ್ಕ್ಯುಮಿನ್ ಹೊಟ್ಟೆಗೆ ಹೋದ ಮೇಲೆ ಎಷ್ಟು ಹೀರಲ್ಪಡುತ್ತದೆ, ಎಲ್ಲೆಲ್ಲಿ ಸೇರುತ್ತದೆ ಎಂದು ಇಲಿಗಳಲ್ಲಿ ಅಳೆದರು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ, ಅಳೆದೇ ತಿಳಿಯಬೇಕು ಎಂಬ ಪಾಠ ಅಲ್ಲಿಂದಲೇ ಶುರುವಾಯಿತೆನ್ನಬಹುದು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಕೆಲಸ ಮಾಡಿ ಬಂದು, 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಔಷಧಿಗಳನ್ನು ಒಡೆದು ಪರಿವರ್ತಿಸುವುದು ಯಕೃತ್ತಿನ ಕೆಲಸವೆಂಬುದೇ ಸಾಮಾನ್ಯ ತಿಳುವಳಿಕೆ. ಮನುಷ್ಯನ ಮೆದುಳಿಗೂ ಆ ಶಕ್ತಿ ಇದೆ, ಮಾನಸಿಕ ಕಾಯಿಲೆಗೆ ಕೊಡುವ ಔಷಧಿಗಳನ್ನು ಅದು ತನ್ನಲ್ಲೇ ಪರಿವರ್ತಿಸಬಲ್ಲದು ಎಂಬುದರ ಮೇಲೆ ಅವರು ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದರು. 1996ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂದಿತು. ಬರಗಾಲದಲ್ಲಿ ಕೇಸರಿಬೇಳೆ ತಿಂದು ಕಾಲು ಸೋತುಹೋಗುವ ಕಾಯಿಲೆಯಲ್ಲಿ ಆ ಬೇಳೆಯ ವಿಷ ನರಕೋಶವನ್ನು ಹೇಗೆ ಕೆಡಿಸುತ್ತದೆ, ಹೆಂಗಸರಿಗಿಂತ ಗಂಡಸರಿಗೇಕೆ ಹೆಚ್ಚು ಹಾನಿ ಎಂಬುದನ್ನೂ ಅವರು ಅಭ್ಯಾಸ ಮಾಡಿದರು. ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿ, 2009ರವರೆಗೆ ಅದರ ಸ್ಥಾಪಕ ನಿರ್ದೇಶಕಿಯಾಗಿದ್ದರು. ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 2010ರಲ್ಲಿ ಪದ್ಮಶ್ರೀ ಲಭಿಸಿತು.

ನಮ್ಮ ಪ್ರಶ್ನೆಗೆ ಹತ್ತಿರವಾದ ಕೆಲಸ 2012ರಲ್ಲಿ ಪ್ರಕಟವಾದದ್ದು. ಅಲ್‌ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಮೆದುಳಿನಲ್ಲಿ ಗಸಿಯಂತೆ ಶೇಖರವಾಗುತ್ತದೆ. ಇಂಥ ಕಾಯಿಲೆ ಬರುವಂತೆ ಮಾಡಿದ ಸಣ್ಣ ಇಲಿಗಳಿಗೆ ಅಶ್ವಗಂಧದ, ಅಂದರೆ ನಮ್ಮ ಹಿರೇಮದ್ದಿನ, ಬೇರಿನ ಸಾರವನ್ನು 30 ದಿನ ಬಾಯಿಯ ಮೂಲಕ ಕೊಟ್ಟರು. ದಾರಿ ಮರೆಯುತ್ತಿದ್ದ ಇಲಿಗಳು ಮತ್ತೆ ದಾರಿ ಕಲಿತವು; ಮೆದುಳಿನ ಗಸಿ ಕಡಿಮೆಯಾಯಿತು.

ಆಶ್ಚರ್ಯವೆಂದರೆ, ಇದಕ್ಕೆ ಮುಖ್ಯ ಕಾರಣ ಸಿಕ್ಕಿದ್ದು ಮೆದುಳಿನಲ್ಲಲ್ಲ, ಯಕೃತ್ತಿನಲ್ಲಿ. ಎಲ್‌ಡಿಎಲ್ ಹಿಡಿಯುವ ಕೊಕ್ಕೆಯ ವಂಶಕ್ಕೇ ಸೇರಿದ ಇನ್ನೊಂದು ಕೊಕ್ಕೆ ಯಕೃತ್ತಿನಲ್ಲಿ ಹೆಚ್ಚಾಗಿತ್ತು. ಅದು ರಕ್ತದಲ್ಲಿದ್ದ ಅಮಿಲಾಯ್ಡನ್ನು ಎಳೆದುಕೊಂಡಂತೆ ಮೆದುಳಿನಲ್ಲಿದ್ದದ್ದು ರಕ್ತಕ್ಕೆ ಇಳಿದು ಬರುತ್ತಿತ್ತು. ಯಕೃತ್ತಿನಲ್ಲಿ ಆ ಕೊಕ್ಕೆಯ ತಯಾರಿಕೆಯನ್ನು ತಡೆದಾಗ ಸಾರದ ಗುಣವೂ ನಿಂತಿತು. ಅಡಿಕೆ ತೋಟದ ಬುಡದಲ್ಲಿ ನೀರು ನಿಂತರೆ ನಾವು ಬುಡದಲ್ಲೇ ಮೊಗೆಯುತ್ತ ಕೂರುವುದಿಲ್ಲ. ಕೆಳಗಿನ ಬಸಿಗಾಲುವೆ ಬಿಡಿಸುತ್ತೇವೆ. ಇದೂ ಹಾಗೆಯೇ. ಮೆದುಳಿನ ಆರೋಗ್ಯ ತಲೆಯೊಳಗೆ ಮಾತ್ರ ಇಲ್ಲ, ಕೆಳಗಿನ ಕಾಲುವೆಗಳು ಸರಿಯಿದ್ದರೆ ಅದಕ್ಕೂ ಲೇಸು ಎಂಬುದು ಈ ಕೆಲಸದಿಂದ ನಾವು ಕಲಿಯಬೇಕಾದ್ದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇದು ಇಲಿಗಳಲ್ಲಿ ನಡೆದ ಪ್ರಯೋಗ. ಹಿರೇಮದ್ದಿನ ಪುಡಿ ತಿಂದರೆ ಮನುಷ್ಯರ ಮರೆವು ವಾಸಿಯಾಗುತ್ತದೆ ಎಂದು ಇದರಿಂದ ಅರ್ಥ ಮಾಡಬಾರದು. ಅಶ್ವಗಂಧದ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಬೇರೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟದಿರುವುದು ಕ್ಷೇಮ.

ಶ್ರೀನಿವಾಸಪುರದ ಹತ್ತು ಸಾವಿರ ಮಂದಿ

ಇಲಿಯಿಂದ ಮನುಷ್ಯನವರೆಗೆ ದಾರಿ ದೂರ. ಅದನ್ನು ಸವೆಸಲು ಡಾ. ವಿಜಯಲಕ್ಷ್ಮಿಯವರು ಸ್ಥಾಪಕ ನಿರ್ದೇಶಕಿಯಾಗಿದ್ದ ಮೆದುಳು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭವಾಯಿತು. ಈ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದೀರ್ಘಕಾಲದ ಅಧ್ಯಯನವೊಂದಕ್ಕೆ ಕೈಹಾಕಿತು. 45 ವರ್ಷ ದಾಟಿದ, ಮರೆಗುಳಿತನವಿಲ್ಲದ 10,000 ಗ್ರಾಮಸ್ಥರನ್ನು ಸೇರಿಸಿಕೊಂಡು ವರ್ಷಾನುವರ್ಷ ಗಮನಿಸುತ್ತ ಹೋಗುವುದು ಇದರ ಗುರಿ. ಜೊತೆಗೆ ಬೆಂಗಳೂರು ನಗರದ 1000 ಮಂದಿಯ ಇನ್ನೊಂದು ಅಧ್ಯಯನವೂ ಇದೆ.

ಮಾವಿನ ತೋಪುಗಳ ಆ ತಾಲ್ಲೂಕಿನಲ್ಲಿರುವವರೂ ನಮ್ಮಂತೆ ಸಣ್ಣ ಹಿಡುವಳಿಯವರು, ಕೂಲಿಕಾರರು. ಅವರ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ನೆನಪಿನ ಶಕ್ತಿ, ಮೆದುಳಿನ ಚಿತ್ರ, ವಂಶವಾಹಿ ಎಲ್ಲವನ್ನೂ ದಾಖಲಿಸಲಾಗುತ್ತದೆ. ಮರೆಗುಳಿ ರೋಗದ ಬಗ್ಗೆ ಜಗತ್ತಿಗೆ ತಿಳಿದಿರುವುದರಲ್ಲಿ ಬಹುಪಾಲು ಪಶ್ಚಿಮ ದೇಶಗಳ ಓದಿದ ಜನರನ್ನು ನೋಡಿ ಕಲಿತದ್ದು. ಶಾಲೆಯ ಮುಖ ಕಾಣದ, ಆದರೆ ಇಡೀ ಊರಿನ ಲೆಕ್ಕವನ್ನು ಬಾಯಲ್ಲಿ ಹೇಳಬಲ್ಲ ಅಜ್ಜಿಯ ನೆನಪನ್ನು ಆ ಅಳತೆಗೋಲಿನಿಂದ ಅಳೆಯಲು ಹೇಗೆ ಸಾಧ್ಯ? ಆದ್ದರಿಂದ ನಮ್ಮ ಭಾಷೆಗಳಿಗೆ ಹೊಂದಿಸಿದ ಪರೀಕ್ಷೆಗಳನ್ನು ಅಲ್ಲಿ ಬಳಸುತ್ತಾರೆ. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿತನವಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಪ್ರಮಾಣ ಹೆಚ್ಚು. ಹಳ್ಳಿಯ ಗಾಳಿ, ಮೈಮುರಿಯುವ ದುಡಿಮೆ ಇದ್ದರೆ ಸಾಕು ಎಂದು ನಾವು ಸಮಾಧಾನ ಪಡುವಂತಿಲ್ಲ.

ಹಾಗಾದರೆ ಮಾತ್ರೆಯಿಂದ ಮರೆವು ಬರುತ್ತದೆಯೇ?

2000ದಲ್ಲಿ ಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ಮರೆಗುಳಿ ರೋಗ ಕಡಿಮೆಯೆಂದು ಎರಡು ಅಧ್ಯಯನಗಳು ಹೇಳಿದಾಗ, ಹೃದಯದ ಮಾತ್ರೆಯೇ ಮೆದುಳನ್ನೂ ಕಾಯುತ್ತದೆಂಬ ಆಸೆ ಹುಟ್ಟಿತು. ಆದರೆ ಹೊರಗಿನಿಂದ ನೋಡಿ ಹೇಳುವುದರಲ್ಲಿ ಮೋಸವಿರುತ್ತದೆ. ಹೊತ್ತಿಗೆ ಸರಿಯಾಗಿ ಬೋರ್ಡೋ ಸಿಂಪಡಿಸುವ ಬೆಳೆಗಾರ ಗೊಬ್ಬರವನ್ನೂ ಹೊತ್ತಿಗೆ ಹಾಕಿರುತ್ತಾನೆ, ನೆರಳನ್ನೂ ಕಡಿಸಿರುತ್ತಾನೆ. ಅವನ ಫಸಲು ಹೆಚ್ಚಿದ್ದರೆ ಬೋರ್ಡೋ ಒಂದರದೇ ಗುಣವೆನ್ನಬಹುದೇ? ಒಂದೇ ತೋಟದಲ್ಲಿ ಒಂದು ಸಾಲಿಗೆ ಹೊಡೆದು, ಪಕ್ಕದ ಸಾಲು ಬಿಟ್ಟು ನೋಡಬೇಕು.

ಅಂಥ ಪರೀಕ್ಷೆಗಳೂ ನಡೆದವು. ಬ್ರಿಟನ್ನಿನಲ್ಲಿ 20,536 ಮಂದಿಯಲ್ಲಿ ಅರ್ಧ ಜನಕ್ಕೆ ಸ್ಟ್ಯಾಟಿನ್, ಉಳಿದವರಿಗೆ ನೋಡಲು ಅದೇ ರೀತಿಯ ಬರಿಯ ಮಾತ್ರೆ ಕೊಟ್ಟು ಸುಮಾರು ಐದು ವರ್ಷ ನೋಡಿದರು. ಯೂರೋಪಿನ ಇನ್ನೊಂದು ಪ್ರಯೋಗದಲ್ಲಿ 70 ದಾಟಿದ 5804 ಹಿರಿಯರಿದ್ದರು. ಎರಡರ ಫಲಿತಾಂಶವೂ 2002ರಲ್ಲಿ ಬಂದಿತು. ನೆನಪಿನ ವಿಷಯದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ: ಮಾತ್ರೆ ಮರೆವನ್ನು ತರಲೂ ಇಲ್ಲ, ತಡೆಯಲೂ ಇಲ್ಲ. ಆದರೆ ಬ್ರಿಟನ್ನಿನ ಪ್ರಯೋಗದಲ್ಲಿ ಲಕ್ವ ಹೊಡೆಯುವುದು ಕಾಲುಭಾಗ ಕಡಿಮೆಯಾಯಿತು. ಲಕ್ವವೂ ನೆನಪನ್ನು ಕಸಿಯುವ ರೋಗವೇ ಎಂಬುದನ್ನು ನಾವು ಕಂಡಿದ್ದೇವೆ.

ಭಯ ಎಲ್ಲಿಂದ ಬಂತು? ಕೆಲವರು ಮಾತ್ರೆ ಶುರುಮಾಡಿದ ಮೇಲೆ ಮರೆವು, ಗೊಂದಲ ಎಂದು ದೂರಿದ್ದುಂಟು. 2012ರಲ್ಲಿ ಅಮೆರಿಕದ ಔಷಧ ಇಲಾಖೆ ಮಾತ್ರೆಯ ಚೀಟಿಯಲ್ಲಿ ಇದನ್ನು ಸೇರಿಸಿತು. ಆದರೆ ಅಂಥ ಪ್ರಕರಣಗಳು ಸಾಮಾನ್ಯವಾಗಿ ಗಂಭೀರವಲ್ಲ, ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತವೆ ಎಂದೂ ಅಲ್ಲೇ ತಿಳಿಸಿತ್ತು. ಚೀಟಿಯ ಮೊದಲ ಅರ್ಧ ಊರೂರು ಸುತ್ತಿತು. ಎರಡನೆಯ ಅರ್ಧ ಅಲ್ಲೇ ಉಳಿಯಿತು.

ಹಾಗೆಂದು ಮುಪ್ಪಿನಲ್ಲಿ ಮರೆವು ಬಂದ ಮೇಲೆ ಸ್ಟ್ಯಾಟಿನ್ ನುಂಗಿದರೆ ಅದು ವಾಸಿಯಾಗುವುದಿಲ್ಲ. ಆ ಪ್ರಯತ್ನಗಳೂ ನಡೆದು ಫಲ ಕೊಡಲಿಲ್ಲ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡದ ಎಲೆ ಹಳದಿಯಾಗುವ ಹೊತ್ತಿಗೆ ಹುಳು ಎಷ್ಟೋ ತಿಂಗಳಿಂದ ಒಳಗೆ ಕೊರೆದಿರುತ್ತದೆ. ಮರೆಗುಳಿ ರೋಗವೂ ಹಾಗೆಯೇ, ಹೊರಗೆ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಒಳಗೆ ಶುರುವಾಗಿರುತ್ತದೆ. ಆದ್ದರಿಂದಲೇ 2024ರಲ್ಲಿ ಲಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ ಮರೆಗುಳಿತನಕ್ಕೆ ದಾರಿ ಮಾಡುವ 14 ಕಾರಣಗಳ ಪಟ್ಟಿಯಲ್ಲಿ ನಡುವಯಸ್ಸಿನ ಹೆಚ್ಚಿನ ಎಲ್‌ಡಿಎಲ್ ಅನ್ನೂ ಸೇರಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಅತಿಯಾದ ಮದ್ಯ, ಕಿವಿ ಮಂದವಾಗುವುದು, ಒಂಟಿತನ ಇವೂ ಆ ಪಟ್ಟಿಯಲ್ಲಿವೆ. ಈ ಕಾರಣಗಳನ್ನೆಲ್ಲ ನಿವಾರಿಸಿದರೆ ಸುಮಾರು ಶೇಕಡ 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಸಮಿತಿ ಅಂದಾಜು ಮಾಡಿದೆ.

ನಮ್ಮ ಕಾಫಿಯ ವಿಚಾರ

ಕಾಫಿ ಬೆಳೆಗಾರರಾದ ನಾವು ಇದೊಂದನ್ನು ಮುಚ್ಚಿಡಬಾರದು. ಕಾಫಿಯ ಎಣ್ಣೆಯಂಶದಲ್ಲಿರುವ ಕೆಫೆಸ್ಟಾಲ್ ಎಂಬ ವಸ್ತು ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ. ನಾರ್ವೆ ದೇಶದ ಟ್ರೋಮ್ಸೋ ಎಂಬಲ್ಲಿ ನಡೆದ ಸಮೀಕ್ಷೆಯಲ್ಲಿ ಹೆಚ್ಚು ಕಾಫಿ ಕುಡಿಯುವವರ ಕೊಲೆಸ್ಟರಾಲ್ ಹೆಚ್ಚಿದ್ದುದು 1983ರಲ್ಲಿ ಬೆಳಕಿಗೆ ಬಂದಿತು. ಅಲ್ಲಿನವರು ಪುಡಿಯನ್ನು ನೀರಿನಲ್ಲಿ ಕುದಿಸಿ ಕುಡಿಯುವವರು. ಕಾಗದದ ಸೋಸುಕದಲ್ಲಿ ಇಳಿಸಿದರೆ ಈ ವಸ್ತು ಬಹುಪಾಲು ಕಾಗದದಲ್ಲೇ ನಿಲ್ಲುತ್ತದೆಂದು ಆಮೇಲೆ ತಿಳಿಯಿತು. ಅರೇಬಿಕಾದಲ್ಲಿ ಇದು ಹೆಚ್ಚು, ರೋಬಸ್ಟಾದಲ್ಲಿ ಕಡಿಮೆ. ಕಾಫಿ ಬಿಡಬೇಕೆಂದು ಇದರ ಅರ್ಥವಲ್ಲ. ಕೊಲೆಸ್ಟರಾಲ್ ಹೆಚ್ಚಿರುವವರು ಒಲೆಯ ಮೇಲೆ ಗಂಟೆಗಟ್ಟಲೆ ಕುದಿಯುವ ಕಾಫಿಯನ್ನು ದಿನಕ್ಕೆ ಏಳೆಂಟು ಲೋಟ ಕುಡಿಯುವ ಬದಲು, ಸೋಸಿದ ಕಾಫಿಯನ್ನು ಮಿತವಾಗಿ ಕುಡಿದರೆ ಒಳ್ಳೆಯದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ನಲವತ್ತು ದಾಟಿದ ಗಂಡಸರು, ಹೆಂಗಸರು ಇಬ್ಬರೂ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಮೂರನ್ನೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ತೋಟಕ್ಕೆ ಮಣ್ಣು ಪರೀಕ್ಷೆ ಮಾಡಿಸುವವರು ಮೈಗೂ ಮಾಡಿಸಬೇಕು.

2. ವೈದ್ಯರು ಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಅರ್ಧ ಮಾಡಬಾರದು. ಒಮ್ಮೆ ಹೃದಯಾಘಾತ ಅಥವಾ ಲಕ್ವ ಆದವರಿಗೆ ಇದು ಮುಖ್ಯವಾಗಿ ಅನ್ವಯಿಸುತ್ತದೆ.

3. ಮಾತ್ರೆ ಶುರುವಾದ ಮೇಲೆ ಮರೆವು, ಗೊಂದಲ, ಕಾರಣವಿಲ್ಲದ ಮಾಂಸಖಂಡದ ನೋವು, ಮೂತ್ರ ಕಪ್ಪಾಗುವುದು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮಾತ್ರೆಯ ಪ್ರಮಾಣ ಅಥವಾ ಬಗೆ ಬದಲಿಸಲು ಬರುತ್ತದೆ. ಕೆಲವರಲ್ಲಿ ಸಕ್ಕರೆ ಅಂಶ ತುಸು ಏರುವುದೂ ಉಂಟು, ಅದನ್ನೂ ನೋಡಿಸುತ್ತಿರಬೇಕು. ಗರ್ಭಿಣಿಯರು, ಯಕೃತ್ತಿನ ಕಾಯಿಲೆ ಇರುವವರು ಮೊದಲೇ ಹೇಳಬೇಕು.

4. ಮರೆವಿಗೆಲ್ಲ ಮಾತ್ರೆಯೇ ಕಾರಣವಲ್ಲ, ಮುಪ್ಪೇ ಕಾರಣವೂ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯಿಡ್ ತೊಂದರೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ. ಇವುಗಳಿಗೆ ಚಿಕಿತ್ಸೆಯಿದೆ.

5. ಮನೆಯ ಹಿರಿಯರು ಒಂದೇ ಮಾತನ್ನು ಮತ್ತೆ ಮತ್ತೆ ಕೇಳುವುದು, ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ತಪ್ಪುವುದು ಕಂಡರೆ ಗದರಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ ವಿಚಾರಿಸಿರಿ.

ಮೇಲೆ ಹೇಳಿದ ಹಿರಿಯ ಸದಸ್ಯರಿಗೆ ಅಂದು ಸಂಘದ ಅಂಗಳದಲ್ಲಿ ಉತ್ತರ ಹೇಳಲು ಆಗಲಿಲ್ಲ. “ಮೊದಲು ಡಾಕ್ಟರನ್ನು ಕೇಳಿ” ಎಂದಷ್ಟೇ ಹೇಳಿ ಕಳಿಸಿದ್ದಾಯಿತು. ಅಡಿಕೆ ಕೊಯ್ಲು ಮುಗಿದ ಮೇಲೆ ಮತ್ತೆ ಸಿಕ್ಕರು. ಮಗನ ಜೊತೆ ಹೋಗಿ ವೈದ್ಯರನ್ನು ಕಂಡು ಬಂದಿದ್ದರು. ತಾಯಿಯ ವಿಷಯವನ್ನೂ, ಮಾತ್ರೆ ಬಿಟ್ಟ ವಿಷಯವನ್ನೂ ಅವರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರಂತೆ. ನೆನಪಿನ ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕಂತೆ ಸರಿಯಾಗಿಯೇ ಇದೆ ಎಂದರಂತೆ. ಕಿವಿ ಸ್ವಲ್ಪ ಮಂದವಾಗಿದೆ, ತೋರಿಸಿಕೊಳ್ಳಿ ಎಂದೂ ಹೇಳಿದರಂತೆ. ಮಾತ್ರೆ ಮತ್ತೆ ಶುರುವಾಗಿದೆ.

“ನಮ್ಮ ಅಮ್ಮನಿಗೆ ಬಿ.ಪಿ. ಇತ್ತು. ಇಪ್ಪತ್ತು ವರ್ಷ ಯಾರೂ ನೋಡಲಿಲ್ಲ. ನಮಗೂ ಗೊತ್ತಿರಲಿಲ್ಲ” ಎಂದರು ಅವರು ಹೊರಡುವಾಗ. ಅವರ ತಾಯಿಯ ಕಾಲಕ್ಕೆ ತಿಳಿಯದಿದ್ದುದು ಇಂದು ನಮಗೆ ತಿಳಿದಿದೆ. ತಿಳಿದದ್ದನ್ನು ಹೊತ್ತಿಗೆ ಸರಿಯಾಗಿ ಮಾಡುವುದು ನಮ್ಮ ಕೈಯಲ್ಲಿದೆ.